ಚಕ್ಕೆ ಎದ್ದ ಕಲ್ಲು

ನಲ್ಲೂರಿನಲ್ಲಿ ಒಂದು ಬೇಸಿಗೆಯ ಸಂಜೆ ನಮ್ಮ ಪಕ್ಕದ ಹಿತ್ತಿಲಿನ ರಾಗಿಹುಲ್ಲಿನ ಮೆದೆಗೆ ಬೆಂಕಿ ಬಿತ್ತು. ಬೀಡಿಯ ಕಿಡಿಯೋ ಕರೆಂಟು ತಂತಿಯ ಕಿಡಿಯೋ, ಕೊನೆಗೂ ಇತ್ಯರ್ಥವಾಗಲಿಲ್ಲ. ಬಿಂದಿಗೆ, ಬಕೆಟ್ಟು, ಆಮೇಲೆ ಟ್ರ್ಯಾಕ್ಟರಿನ ನೀರಿನ ಟ್ಯಾಂಕರು ಬರುವಷ್ಟರಲ್ಲಿ ಎರಡು ಹಸುಗಳ ಒಂದು ವರ್ಷದ ಮೇವು ಬೂದಿಯಾಗಿತ್ತು. ಆ ಗದ್ದಲದ ನಡುವೆ ಪಟಾಕಿ ಹಾರಿದ ಹಾಗೆ ಸದ್ದು ಬರುತ್ತಿತ್ತು. ಮೆದೆಯ ಕೆಳಗೆ ಬಿದಿರು ಹಾಸಿದ್ದರೇನೋ ಅಂದುಕೊಂಡೆ. ಬೆಳಿಗ್ಗೆ ಹೋಗಿ ನೋಡಿದರೆ ಸಿಡಿದದ್ದು ಬೇಲಿ.

ನಮ್ಮ ಸೀಮೆಯವರಿಗೆ ಈ ಬೇಲಿ ಯಾವುದೆಂದು ಹೇಳಬೇಕಾಗಿಲ್ಲ. ದೇವನಹಳ್ಳಿ, ಹೊಸಕೋಟೆ, ದೊಡ್ಡಬಳ್ಳಾಪುರದ ಕಡೆ ಆಳೆತ್ತರದ ಚಪ್ಪಡಿ ಕಲ್ಲುಗಳನ್ನು ಸಾಲಾಗಿ ನೆಲಕ್ಕೆ ನೆಟ್ಟರೆ ಕಾಂಪೌಂಡು ಆಯಿತು. ಅದನ್ನೇ ಗೋಡೆಯ ಮೇಲೆ ಅಡ್ಡ ಹಾಸಿದರೆ ಸೂರು, ಚರಂಡಿಯ ಮೇಲೆ ಎಳೆದರೆ ಸೇತುವೆ, ಬೋರಿನ ಪಕ್ಕ ಓರೆಯಾಗಿ ಇಟ್ಟರೆ ಬಟ್ಟೆ ಒಗೆಯುವ ಕಲ್ಲು. ಮೆದೆಯ ಬದಿಗಿದ್ದ ಆರೇಳು ಚಪ್ಪಡಿಗಳ ಮೈಯಿಂದ ಅಂಗೈ ಅಗಲದ, ಕೆಲವು ಕಡೆ ಊಟದ ತಟ್ಟೆಯಷ್ಟು ಅಗಲದ ತುಂಡುಗಳು ಎದ್ದು ಬಿದ್ದಿದ್ದವು. ಒಂದನ್ನು ಕೈಗೆತ್ತಿಕೊಂಡೆ. ನಡುವೆ ಹೆಬ್ಬೆರಳ ದಪ್ಪ, ಅಂಚಿಗೆ ಬಂದರೆ ಬ್ಲೇಡು. ಒಂದು ಮೈ ಮಸಿ ಹಿಡಿದು ಕಪ್ಪಾಗಿತ್ತು. ತಿರುಗಿಸಿದರೆ ಇನ್ನೊಂದು ಮೈ ಆಗಷ್ಟೇ ಒಡೆದ ಕಲ್ಲುಸಕ್ಕರೆಯ ಹಾಗೆ ಮಿಣುಗುಟ್ಟುತ್ತಿತ್ತು.

ನಮ್ಮೂರಿನ ಹುಣಸೆ ತೋಪಿನಲ್ಲಿ ಮಧ್ಯಾಹ್ನದ ಹೊತ್ತು ಕೂರುವ ಹಿರಿಯರೊಬ್ಬರಿದ್ದಾರೆ, ಆಯಸ್ಸೆಲ್ಲ ಕಲ್ಲು ಒಡೆದವರು. 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಣೆಯಾದ ತೋಪು ಅದು. ಹಳೆಯ ಹುಣಸೆ ಮರಗಳ ನಡುವೆ ಪಾಳುಬಿದ್ದ ಚೆನ್ನಕೇಶವನ ಗುಡಿಯೂ ಇದೆ. ತುಂಡನ್ನು ಅವರ ಕೈಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ ನಕ್ಕರು.

"ಚಕ್ಕೆ ಎದ್ದೈತೆ ಮೇಷ್ಟ್ರೇ. ಬೆಂಕಿ ಕಂಡ ಕಲ್ಲು. ಬೇರು ಕಲ್ಲನ್ನ ಸರಿಸ್ತದೆ, ಮಳೆ ಕಲ್ಲನ್ನ ತಿಂತದೆ, ಬೆಂಕಿ ಚಕ್ಕೆ ಎಬ್ಬಿಸ್ತದೆ. ನಮ್ಮಪ್ಪನ ಕಾಲದಾಗೆ ಬಂಡೇನ ಹಿಂಗೇ ಎಬ್ಬಿಸ್ತಿದ್ದಿದ್ದು."

ಬೇರು ಸರಿಸುತ್ತದೆ, ಮಳೆ ತಿನ್ನುತ್ತದೆ, ಬೆಂಕಿ ಚಕ್ಕೆ ಎಬ್ಬಿಸುತ್ತದೆ. ಸುಟ್ಟುಹೋದ ಊರೊಂದನ್ನು ಓದಲು ಬೇಕಾದ ವ್ಯಾಕರಣದ ಮುಕ್ಕಾಲು ಪಾಲು ಈ ಮಾತಿನಲ್ಲಿದೆ. ಆ ಊರು ಇಲ್ಲಿಂದ ಮುನ್ನೂರು ಕಿಲೋಮೀಟರಿಗೂ ಆಚೆ, ತುಂಗಭದ್ರೆಯ ದಡದಲ್ಲಿದೆ. ಅಲ್ಲಿಗೆ ಹೋಗುವ ಮುಂಚೆ ಬಂಡೆ ಎಬ್ಬಿಸುವ ಕೆಲಸವನ್ನು ಕೊಂಚ ನಿಂತು ನೋಡೋಣ.

ಎಚ್. ವಾರ್ತ್ ಎಂಬಾತ 1895ರಲ್ಲಿ ಇಂಗ್ಲೆಂಡಿನ ನೇಚರ್ ಪತ್ರಿಕೆಗೆ ಬೆಂಗಳೂರಿನ ಕಲ್ಲುಕೆಲಸದ ಬಗ್ಗೆ ಒಂದು ಪುಟ್ಟ ಟಿಪ್ಪಣಿ ಬರೆದ. ಸಿಡಿಮದ್ದಿಲ್ಲ, ಯಂತ್ರವಿಲ್ಲ. ಸಮತಟ್ಟಾದ ಹಾಸುಬಂಡೆಯ ಮೇಲೆ ಏಳಡಿ ಉದ್ದಕ್ಕೆ ಸೌದೆಯ ಸಾಲು ಹಚ್ಚುತ್ತಾರೆ. ಒಬ್ಬ ಬೆಂಕಿಯ ಮುಂದಿನ ಕಲ್ಲನ್ನು ಸುತ್ತಿಗೆಯಿಂದ ತಟ್ಟುತ್ತಾನೆ. ಗಟ್ಟಿ ಸದ್ದು ಬರುತ್ತಿರುವತನಕ ಬೆಂಕಿ ಇದ್ದಲ್ಲೇ ಇರಬೇಕು. ಸದ್ದು ಬದಲಾಯಿತೆಂದರೆ ಅಡಿಯಲ್ಲಿ ಪದರ ಬಿಟ್ಟಿದೆ ಎಂದರ್ಥ, ಆಗ ಉರಿಯುವ ಕೊಳ್ಳಿಗಳನ್ನು ಮುಂದಕ್ಕೆ ತಳ್ಳುತ್ತಾರೆ. ಸಾಲು ಬೆಳೆಯುತ್ತ ಬೆಳೆಯುತ್ತ ಬಿಲ್ಲಿನಂತೆ ಬಾಗಿ ಇಪ್ಪತ್ತೈದು ಅಡಿಯಾಗುತ್ತದೆ. ವಾರ್ತ್ ಲೆಕ್ಕ ಇಟ್ಟ ಒಂದು ಕೆಲಸದಲ್ಲಿ ಬೆಂಕಿ ಎಂಟು ಗಂಟೆ ಉರಿದು, ಗಂಟೆಗೆ ಸುಮಾರು ಆರು ಅಡಿಯಂತೆ ಸಾಗಿತು. ಬೆಂಕಿ ತುಳಿದದ್ದು 460 ಚದರಡಿ, ಎದ್ದು ಬಂದ ಚಪ್ಪಡಿ 740 ಚದರಡಿ, ಏಕೆಂದರೆ ಬಿರುಕು ಬೆಂಕಿಯ ಎರಡೂ ಪಕ್ಕಕ್ಕೆ ಮೂರು ಮೂರು ಅಡಿ ಹರಿದಿತ್ತು. ದಪ್ಪ ಸರಾಸರಿ ಐದು ಅಂಗುಲ. ಉರಿದ ಸೌದೆ ಸುಮಾರು 760 ಕಿಲೋ. ಅಂದರೆ ಒಂದು ಕಿಲೋ ಸೌದೆಗೆ ಮೂವತ್ತು ಕಿಲೋ ಕಲ್ಲು.

ಈ ಲೆಕ್ಕವನ್ನು ಮೊದಲ ಸಲ ನೋಡಿದಾಗ ನಾನು ನಂಬದೆ ಕಾಗದ ಪೆನ್ನು ಹಿಡಿದು ಕೂತೆ. 740 ಚದರಡಿ, ಐದು ಅಂಗುಲ ಅಂದರೆ 308 ಘನ ಅಡಿ. ಗ್ರಾನೈಟು ನೀರಿಗಿಂತ 2.62 ಪಟ್ಟು ಭಾರ. ಒಟ್ಟು ಇಪ್ಪತ್ತೆರಡೂ ಮುಕ್ಕಾಲು ಟನ್ನಿನ ಹತ್ತಿರ ಬರುತ್ತದೆ. ಲೆಕ್ಕ ಸರಿಯಾಗಿಯೇ ಇದೆ. ಒಂದು ಎತ್ತಿನಗಾಡಿ ಸೌದೆಯಲ್ಲಿ ಒಂದು ಮನೆಯ ಸೂರು, ಹಿತ್ತಿಲ ಬೇಲಿ, ಮೇಲೆ ಒಂದು ಒಗೆಯುವ ಕಲ್ಲು.

ಇದು ಹೇಗೆ ಸಾಧ್ಯ? ಗ್ರಾನೈಟು ಮುಖ್ಯವಾಗಿ ಮೂರು ಖನಿಜಗಳ ಕಲಸುಮೇಲೋಗರ. ಬೆಣಚು, ಫೆಲ್ಡ್‌ಸ್ಪಾರ್, ಮತ್ತು ನಾವು ಚಿಕ್ಕಂದಿನಲ್ಲಿ ಆರಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದ ಕಾಗೆಬಂಗಾರ, ಅಂದರೆ ಅಭ್ರಕ. ಮೂರೂ ಭೂಮಿಯ ಆಳದಲ್ಲಿ ಒಟ್ಟಿಗೆ ಹೆಪ್ಪುಗಟ್ಟಿ ಒಂದರೊಳಗೊಂದು ಹಲ್ಲು ಕಚ್ಚಿಕೊಂಡು ಕೂತಿವೆ. ಆದರೆ ಬಿಸಿಯಾದಾಗ ಮೂರೂ ಒಂದೇ ಸಮನೆ ಹಿಗ್ಗುವುದಿಲ್ಲ. ಬೆಣಚಿನ ಹಿಗ್ಗುವಿಕೆ ಜಾಸ್ತಿ, ಫೆಲ್ಡ್‌ಸ್ಪಾರಿನದು ಬಹಳ ಕಡಿಮೆ. ಅದೂ ಸಾಲದೆಂಬಂತೆ 573 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ಬೆಣಚಿನ ಹರಳು ತನ್ನ ಒಳಜೋಡಣೆಯನ್ನೇ ಬದಲಿಸಿ ಇನ್ನಷ್ಟು ಉಬ್ಬುತ್ತದೆ. ಕೋಣೆಯ ಉಷ್ಣತೆಯಿಂದ ಅಲ್ಲಿಗೆ ಬರುವಷ್ಟರಲ್ಲಿ ಅದರ ಗಾತ್ರ ನೂರಕ್ಕೆ ನಾಲ್ಕೈದರಷ್ಟು ಹೆಚ್ಚಿರುತ್ತದೆ. ತುಂಬಿದ ಬಸ್ಸಿನಲ್ಲಿ ಮೂರು ಜನರ ಸೀಟಿನಲ್ಲಿ ನಡುವೆ ಕೂತವನು ಇದ್ದಕ್ಕಿದ್ದಂತೆ ದಪ್ಪಗಾದರೆ ಪಕ್ಕದವರ ಗತಿ ಏನಾಗುತ್ತದೆಯೋ ಅದೇ ಗತಿ ಅಕ್ಕಪಕ್ಕದ ಹರಳುಗಳದ್ದು.

ಹರಳುಗಳ ಜಗಳದಿಂದ ಕಲ್ಲು ಪುಡಿಪುಡಿಯಾಗಬಹುದು, ಅಷ್ಟು ಅಚ್ಚುಕಟ್ಟಾದ ಚಕ್ಕೆ ಏಳಬೇಕಾದರೆ ಇನ್ನೊಂದು ಸಂಗತಿ ಸೇರಬೇಕು. ಕಲ್ಲಿನೊಳಗೆ ಶಾಖ ಬಲು ನಿಧಾನವಾಗಿ ಹರಿಯುತ್ತದೆ. ಕಬ್ಬಿಣದ ಬಾಣಲೆಯನ್ನು ಒಲೆಯ ಮೇಲಿಟ್ಟರೆ ಸ್ವಲ್ಪ ಹೊತ್ತಿಗೆ ಹಿಡಿಯೂ ಕೈ ಸುಡುತ್ತದೆ. ಕಲ್ಲಿನಲ್ಲಿ ಶಾಖ ಕಬ್ಬಿಣದಲ್ಲಿ ಹರಿಯುವುದರ ಇಪ್ಪತ್ತನೇ ಒಂದು ಪಾಲಿನಷ್ಟೂ ಸಲೀಸಾಗಿ ಹರಿಯದು. ಹೀಗಾಗಿ ಬೆಂಕಿಗೆ ಮೈಕೊಟ್ಟ ಪದರ ನೂರಾರು ಡಿಗ್ರಿ ಕಾದಿರುವಾಗ ಒಂದು ಗೇಣು ಒಳಗಿನ ಕಲ್ಲು ಇನ್ನೂ ತಣ್ಣಗಿರುತ್ತದೆ. ಮೇಲಿನ ಪದರ ಹಿಗ್ಗಬೇಕು ಅನ್ನುತ್ತದೆ, ಒಳಗಿನದು ಬಿಡುವುದಿಲ್ಲ. ಅಕ್ಕಪಕ್ಕಕ್ಕೆ ಜಾಗವಿಲ್ಲದ ಪದರಕ್ಕೆ ಉಳಿದಿರುವ ದಾರಿ ಹೊರಗಿನದೊಂದೇ. ಒದ್ದೆ ನೆಲದ ಮೇಲಿನ ಪ್ಲೈವುಡ್ಡು ಉಬ್ಬಿ ಏಳುವ ಹಾಗೆ ಅದು ಮೇಲಕ್ಕೆ ಬಾಗಿ, ಮೈಗೆ ಸಮಾನಾಂತರವಾಗಿ ಬಿರುಕು ಬಿಟ್ಟು, ಫಟ್ಟೆಂದು ಬಿಡಿಸಿಕೊಳ್ಳುತ್ತದೆ. ಕಲ್ಲುಕುಟಿಗ ಇದನ್ನು ಹದವಾದ ಬೆಂಕಿಯಿಂದ ಮಾಡಿಸಿಕೊಂಡು ಚಪ್ಪಡಿ ಅನ್ನುತ್ತಾನೆ. ಮೆದೆಯ ಬೆಂಕಿ ಹದ ತಪ್ಪಿ ಮಾಡಿದರೆ ಅದು ಚಕ್ಕೆ.

ಚಪ್ಪಡಿಯನ್ನು ಇನ್ನೊಂದು ದೃಷ್ಟಿಯಿಂದಲೂ ನೋಡಬೇಕು. ಗ್ರಾನೈಟು ಒತ್ತುವ ಭಾರವನ್ನು ಹೊರುವುದರಲ್ಲಿ ಬಲಶಾಲಿ, ಎಳೆತಕ್ಕೆ ಮಾತ್ರ ಬಡವ. ಒತ್ತಡ ತಾಳುವ ಶಕ್ತಿಯ ಹತ್ತು ಹದಿನೈದರಲ್ಲಿ ಒಂದು ಪಾಲು ಎಳೆತವನ್ನಷ್ಟೇ ಅದು ತಡೆದೀತು. ಕಂಬದ ಮೇಲೆ ಭಾರ ಬಿದ್ದರೆ ಅದು ಒತ್ತಡ, ಸಮಸ್ಯೆಯಿಲ್ಲ. ಎರಡು ಕಂಬಗಳ ಮೇಲೆ ಅಡ್ಡ ಮಲಗಿರುವ ತೊಲೆಯ ವಿಷಯ ಬೇರೆ. ಅದರ ಮೇಲ್ಮೈ ಒತ್ತಡದಲ್ಲಿ, ಕೆಳಮೈ ಎಳೆತದಲ್ಲಿ ಇರುತ್ತದೆ. ಮಂಟಪದೊಳಗೆ ಬೆಂಕಿ ಹಾಕಿದರೆ ಜ್ವಾಲೆ ನೆಕ್ಕುವುದು ಸರಿಯಾಗಿ ಆ ಕೆಳಮೈಯನ್ನೇ. ಚಕ್ಕೆ ಎದ್ದು ತೊಲೆ ತೆಳ್ಳಗಾಗುತ್ತ, ಇರುವ ಎಳೆತದ ಜೊತೆಗೆ ಹೊಸ ಬಿರುಕುಗಳೂ ಸೇರಿ, ಒಂದು ಗಳಿಗೆಯಲ್ಲಿ ತೊಲೆ ನಡುವಿಗೆ ಮುರಿಯುತ್ತದೆ. ಅದರ ಮೇಲೆ ಹಾಸಿದ ಚಾವಣಿಯ ಕಲ್ಲುಗಳೂ ಹಿಂದೆಯೇ ಬರುತ್ತವೆ. ಕಂಬಗಳು ಮಾತ್ರ ಮೂಲೆ ಸವೆದು, ಏನನ್ನೂ ಹೊರದೆ ನಿಂತಿರುತ್ತವೆ.

ಹಂಪೆಯ ವಿಜಯ ವಿಠ್ಠಲ ದೇವಾಲಯದ ಮಹಾಮಂಟಪವನ್ನು ಕಂಡವರಿಗೆ ಇದು ಎಲ್ಲೋ ನೋಡಿದ ಚಿತ್ರ ಅನ್ನಿಸೀತು. ಸಂಗೀತದ ಕಂಬಗಳನ್ನು ತಟ್ಟಲು ಹವಣಿಸುವ ಪ್ರವಾಸಿಗರು, ತಟ್ಟಬೇಡಿ ಎಂದು ಕೂಗುವ ಕಾವಲುಗಾರರು, ಈ ಗಲಾಟೆಯಲ್ಲಿ ತಲೆ ಎತ್ತಿ ನೋಡುವವರು ಕಡಿಮೆ. ಎತ್ತಿದರೆ ಮಂಟಪದ ನಡುಭಾಗದಲ್ಲಿ ಕಾಣುವುದು ಆಕಾಶ.

1565ರ ಜನವರಿ 23ರಂದು ಕೃಷ್ಣೆಯ ದಡದಲ್ಲಿ ರಕ್ಕಸಗಿ ತಂಗಡಗಿಯ ಹತ್ತಿರ ಯುದ್ಧವಾಯಿತು. ತಾಳಿಕೋಟೆ ಯುದ್ಧ ಅಂತಲೇ ಶಾಲೆಯಲ್ಲಿ ಓದಿದ್ದೇವೆ. ಅಳಿಯ ರಾಮರಾಯ ಸತ್ತ. ತಮ್ಮ ತಿರುಮಲ ರಾಜ ಸದಾಶಿವನನ್ನೂ ಬೊಕ್ಕಸವನ್ನೂ ಕಟ್ಟಿಕೊಂಡು ಪೆನುಕೊಂಡೆಯ ಕಡೆ ಹೊರಟ. ಸುಲ್ತಾನರ ಪಡೆಗಳು ಬಂದು ಆರು ತಿಂಗಳು ರಾಜಧಾನಿಯಲ್ಲಿ ಬೀಡುಬಿಟ್ಟವು. ಆ ಆರು ತಿಂಗಳಲ್ಲಿ ಏನಾಯಿತು ಎನ್ನುವುದಕ್ಕೆ ನಮ್ಮ ತಲೆಯಲ್ಲಿರುವ ಚಿತ್ರ ಬಹುಮಟ್ಟಿಗೆ ರಾಬರ್ಟ್ ಸೀವೆಲ್ ಬರೆದದ್ದು. ಬಳ್ಳಾರಿಯಲ್ಲಿ ಕಲೆಕ್ಟರ್ ಆಗಿದ್ದ ಈತ 1900ರಲ್ಲಿ ಮರೆತುಹೋದ ಸಾಮ್ರಾಜ್ಯವೊಂದರ ಕಥೆಯೆಂದು ಪುಸ್ತಕ ತಂದ. ಅದರಲ್ಲಿ ಬೆಂಕಿ, ಕತ್ತಿ, ಹಾರೆ, ಕೊಡಲಿಗಳು ದಿನದಿನವೂ ನಗರವನ್ನು ಸರ್ವನಾಶ ಮಾಡುತ್ತವೆ, ವಿಠ್ಠಲನ ಗುಡಿಯಲ್ಲಿ ಭಾರೀ ಚಿತೆಗಳು ಉರಿಯುತ್ತವೆ. ಸೀವೆಲ್ಲನ ಕೈ ಬಲವಾದದ್ದು. ಅದಕ್ಕೇ ನಾನು ಅವನನ್ನು ಓದುವಾಗ ಸ್ವಲ್ಪ ಹುಷಾರಾಗಿರುತ್ತೇನೆ.

ಏಕೆಂದರೆ ಯುದ್ಧವಾಗಿ ಎರಡೇ ವರ್ಷಕ್ಕೆ, 1567ರಲ್ಲಿ, ಆ ಊರಲ್ಲಿ ಕಣ್ಣಾರೆ ಕೂತವನೊಬ್ಬನಿದ್ದಾನೆ. ವೆನಿಸ್ಸಿನ ವ್ಯಾಪಾರಿ ಚೆಸಾರೆ ಫೆದೆರಿಚಿ. ದಾರಿಯಲ್ಲಿ ಕಳ್ಳರ ಕಾಟದಿಂದಾಗಿ ಏಳು ತಿಂಗಳು ಅಲ್ಲೇ ಸಿಕ್ಕಿಕೊಂಡ. ನಗರ ಪೂರ್ತಿ ನಾಶವಾಗಿಲ್ಲ, ಮನೆಗಳು ನಿಂತೇ ಇವೆ, ಆದರೆ ಒಳಗೆ ಜನವಿಲ್ಲ, ಹುಲಿ ಮೊದಲಾದ ಕಾಡುಪ್ರಾಣಿಗಳು ಸೇರಿಕೊಂಡಿವೆ ಎಂಬುದು ಅವನ ವರದಿಯ ಸಾರ. ಒಬ್ಬ ಎಲ್ಲ ಸುಟ್ಟುಹೋಯಿತು ಅನ್ನುತ್ತಾನೆ, ಇನ್ನೊಬ್ಬ ಮನೆಗಳು ನಿಂತಿವೆ ಅನ್ನುತ್ತಾನೆ. ಮೂರನೆಯ ಸಾಕ್ಷಿ ಕಲ್ಲು.

ಕಲ್ಲನ್ನು ಕೇಳುವ ಮುಂಚೆ ಉರಿಯುವುದಕ್ಕೆ ಅಲ್ಲಿ ಏನಿತ್ತು ಅಂತ ಕೇಳಬೇಕು. ಹಂಪೆಯ ಅರಮನೆ ಆವರಣದಲ್ಲಿ ನಡೆದರೆ ಉದ್ದಕ್ಕೂ ಜಗಲಿಗಳು. ಮಹಾನವಮಿ ದಿಬ್ಬದ ಹತ್ತಿರ ಸಾಲಿಗೆ ಹತ್ತರಂತೆ ಹತ್ತು ಸಾಲು ಕಂಬದ ಗುರುತುಗಳಿರುವ ಸಭಾಂಗಣದ ತಳವಿದೆ. ನೂರು ಕಂಬಗಳಲ್ಲಿ ಒಂದೂ ಇಲ್ಲ. ಕಲ್ಲಿನ ಕಂಬವಾಗಿದ್ದರೆ ಮುರಿದಾದರೂ ಬಿದ್ದಿರಬೇಕಿತ್ತು. ಅವು ಮರದವು. ಅರಮನೆಗಳ ಅಗೆತದಲ್ಲಿ ಬೂದಿಯೂ ಇದ್ದಿಲೂ ಸಿಕ್ಕಿವೆ. 1520ರ ಆಸುಪಾಸಿನಲ್ಲಿ ಬಂದಿದ್ದ ಪೋರ್ಚುಗೀಸ್ ದೊಮಿಂಗೊ ಪಾಯಸ್ ಗೋಡೆಯಿಂದ ಚಾವಣಿಯ ತೊಲೆಗಳವರೆಗೆ ದಂತದಲ್ಲೇ ಕೆತ್ತಿದ ತಾವರೆ, ಗುಲಾಬಿಗಳಿದ್ದ ಒಂದು ಕೋಣೆಯನ್ನು ಅರಮನೆಯಲ್ಲಿ ಕಂಡದ್ದಾಗಿ ಬರೆದಿದ್ದಾನೆ. ದಂತವೂ ಉರಿಯುತ್ತದೆ, ಮರವೂ ಉರಿಯುತ್ತದೆ, ಪರದೆ ರತ್ನಗಂಬಳಿಗಳ ಮಾತೇ ಬೇಡ. ಪೇಟೆಗೆ ಬಂದರೆ ವಿರೂಪಾಕ್ಷ ಬಜಾರ್, ಕೃಷ್ಣ ಬಜಾರ್, ಅಚ್ಯುತರಾಯ ಬಜಾರ್, ಅರಮನೆಯ ಕಡೆಯ ಪಾನ್ ಸುಪಾರಿ ಬಜಾರ್. ಇವತ್ತು ನಾವು ನೋಡುವುದು ಕಲ್ಲಿನ ಸಾಲುಮಂಟಪ. ಅಂದು ಅದರ ಸುತ್ತ ಮರ, ಬಿದಿರು, ಹುಲ್ಲುಚಾವಣಿ, ಎಣ್ಣೆ, ಬಟ್ಟೆ, ದವಸ ಎಲ್ಲ ಇದ್ದಿರಬೇಕು.

ಅದರ ಮೇಲೆ ಕಾಲವೂ ಕೂಡಿ ಬಂತು. ಜನವರಿಯ ಕೊನೆಯಿಂದ ಆರು ತಿಂಗಳೆಂದರೆ ಹೊಸಪೇಟೆ ಬಳ್ಳಾರಿ ಕಡೆಯವರು ಲೆಕ್ಕ ಹಾಕಿಕೊಳ್ಳಲಿ, ಮಾಘದಿಂದ ಆಷಾಢದವರೆಗೆ. ವರ್ಷದ ಅತಿ ಒಣ ಕಾಲ ಪೂರ್ತಿ ಅದರಲ್ಲೇ ಬಂತು. ಒಣಗಿದ ಹುಲ್ಲಿನಲ್ಲಿ ತೇವ ನೂರಕ್ಕೆ ಹತ್ತರ ಕೆಳಗಿಳಿದಿರುತ್ತದೆ, ಹೊತ್ತಿಸಲು ಒಂದು ಕಿಡಿ ಸಾಕು. ಒಂದು ಚಾವಣಿ ಉರಿದರೆ ಅದರ ಝಳಕ್ಕೇ ಪಕ್ಕದ ಚಾವಣಿ ಹೊಗೆಯಾಡಿ, ಗಾಳಿಯಲ್ಲಿ ಹಾರಿದ ಕೊಳ್ಳಿಚೂರು ಮೂರನೆಯದರ ಮೇಲೆ ಬೀಳುತ್ತದೆ. ಕಾಲುವೆ, ಪುಷ್ಕರಣಿ, ಪಕ್ಕದಲ್ಲೇ ಹೊಳೆ ಎಲ್ಲ ಇದ್ದವು. ನೀರು ಹೊರುವ ಜನ ಊರು ಬಿಟ್ಟಿದ್ದರು. ಬೇಕೆಂದೇ ಹಚ್ಚಿದ ಬೆಂಕಿ ಎಷ್ಟು, ಸೈನಿಕರು ಅಡುಗೆ ಮಾಡಿ ಬಿಟ್ಟುಹೋದ ಒಲೆಯಿಂದ ಹರಡಿದ್ದು ಎಷ್ಟು ಎಂದು ಬೇರ್ಪಡಿಸಲು ಯಾವ ವಿಜ್ಞಾನಕ್ಕೂ ಆಗದು.

ಹಂಪೆಯಲ್ಲಿ ಉಳಿದದ್ದು ಏನು ಎಂದು ನೋಡುತ್ತ ಹೋದರೆ ಇನ್ನೊಂದು ವಿಷಯ ಹೊಳೆಯುತ್ತದೆ. ಕಮಲ ಮಹಲ್ ನಿಂತಿದೆ. ಆನೆ ಲಾಯ ಹನ್ನೊಂದು ಕೋಣೆಗಳ ಸಮೇತ ನಿಂತಿದೆ. ರಾಣಿಯ ಸ್ನಾನಗೃಹ ನಿಂತಿದೆ. ಸುಲ್ತಾನರ ಶೈಲಿಯ ಕಮಾನು ಗುಮ್ಮಟಗಳಿದ್ದುದರಿಂದ ಅವನ್ನು ಬಿಟ್ಟರು ಎಂಬ ಮಾತನ್ನು ಗೈಡುಗಳಿಂದ ಹಲವು ಸಲ ಕೇಳಿದ್ದೇನೆ. ಇರಬಹುದೇನೋ. ನನಗೆ ಮೊದಲು ಕಾಣುವುದು ಅವುಗಳ ಕಟ್ಟಡ. ಗಾರೆ, ಕಲ್ಲು, ಇಟ್ಟಿಗೆಗಳ ದಪ್ಪ ಗೋಡೆ, ಮೇಲೆ ಕಮಾನು. ಉರಿಯುವುದಕ್ಕೆ ಒಳಗೆ ಮರದ ತೊಲೆ ಇಲ್ಲ. ಎಳೆತದಲ್ಲಿ ಜೋತಾಡುವ ಕಲ್ಲಿನ ತೊಲೆಯೂ ಇಲ್ಲ, ಕಮಾನಿನ ಪ್ರತಿ ಕಲ್ಲೂ ಒತ್ತಡದಲ್ಲೇ ಬದುಕುತ್ತದೆ. ಬೆಂಕಿ ಹಚ್ಚಿದರೂ ಅಲ್ಲಿ ಅದಕ್ಕೆ ಹೆಚ್ಚು ಕೆಲಸವಿಲ್ಲ. ಉಳಿದ ಕಟ್ಟಡವನ್ನೆಲ್ಲ ಶತ್ರು ಬೇಕೆಂದೇ ಬಿಟ್ಟ ಕಟ್ಟಡ ಎಂದು ಓದುವ ಮುಂಚೆ ಒಳಗೆ ಎಷ್ಟು ಸೌದೆ ಇತ್ತು ಅಂತ ವಿಚಾರಿಸುವುದು ಒಳ್ಳೆಯದು. ಹಾಗೆಂದು ಎಲ್ಲವನ್ನೂ ಸೌದೆಯ ಲೆಕ್ಕಕ್ಕೆ ಹಾಕಲೂ ಆಗದು. ವಿರೂಪಾಕ್ಷನ ಗುಡಿ ಹೆಚ್ಚುಕಡಿಮೆ ಇಡಿಯಾಗಿ ಉಳಿದು ಇಂದಿಗೂ ಪೂಜೆ ಪಡೆಯುತ್ತಿದೆ. ಎರಡು ಕಿಲೋಮೀಟರು ದೂರದ ವಿಠ್ಠಲನ ಗುಡಿಗೆ ಚಾವಣಿ ಹೋಗಿದೆ. ಕಲ್ಲು ಒಂದೇ, ಕಟ್ಟುವ ರೀತಿ ಒಂದೇ. ಅಲ್ಲಿ ಯಾರೋ ಆರಿಸಿದ್ದಾರೆ.

ಮಂಟಪ ಬೀಳಿಸಲು ಎಷ್ಟು ಸೌದೆ ಬೇಕಾದೀತು? ಇಲ್ಲಿ ಬೆಂಗಳೂರಿನ ಕಲ್ಲುಕುಟಿಗರ ಲೆಕ್ಕ ತಲೆಕೆಳಗಾಗಿ ಕೆಲಸಕ್ಕೆ ಬರುತ್ತದೆ. 740 ಚದರಡಿ ಬಂಡೆಯನ್ನು ಐದಂಗುಲ ಆಳಕ್ಕೆ ಸೀಳಲು ಮುಕ್ಕಾಲು ಟನ್ ಸೌದೆ ಸಾಕಾಯಿತು. ತೊಲೆ ಮುರಿಯಲು ಅಷ್ಟು ಆಳವೂ ಬೇಡ, ಕೆಳಮೈಯ ಒಂದೆರಡು ಅಂಗುಲ ಹೋದರೂ ಅದು ಅಪಾಯದಲ್ಲಿದೆ. ನೆಲದಲ್ಲಿ ಉರಿದ ಬೆಂಕಿ ಚಾವಣಿಯನ್ನು ತಲುಪುವಷ್ಟರಲ್ಲಿ ಬಹಳಷ್ಟು ಶಾಖ ಪಕ್ಕಕ್ಕೆ ಹೋಗಿಬಿಡುತ್ತದೆ ನಿಜ, ಆದ್ದರಿಂದ ನಾಲ್ಕೈದು ಪಟ್ಟು ಸೇರಿಸಿಕೊಳ್ಳಿ. ಆದರೂ ನಾಲ್ಕಾರು ಗಾಡಿ ಸೌದೆಯ ಮಾತು. ಪಕ್ಕದ ಬೀದಿಯ ಮನೆಗಳ ಬಾಗಿಲು, ಜಂತಿ ಕಿತ್ತು ತಂದರೆ ಅದೇ ಆಯಿತು. ಇದು ನನ್ನ ಅಂದಾಜು, ಯಾರೂ ಅಳೆದದ್ದಲ್ಲ. ಕಲ್ಲಿನ ಗುಡಿಗೆ ಬೆಂಕಿಯಿಂದ ಏನಾದೀತು ಎಂದು ಕೇಳುವವರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ.

ಕಲ್ಲು ಬೆಂಕಿಗೆ ಜಗ್ಗದು ಎಂಬ ನಂಬಿಕೆ ನಮ್ಮೊಬ್ಬರದೇ ಅಲ್ಲ. ಅಮೆರಿಕದ ಬಾಸ್ಟನ್ ನಗರದ ನಡುಪೇಟೆಯವರು ಆ ನಂಬಿಕೆಗೆ ದೊಡ್ಡ ಬೆಲೆ ತೆತ್ತರು. ಹತ್ತೊಂಬತ್ತನೆಯ ಶತಮಾನದಲ್ಲಿ ಅವರ ಗೋದಾಮುಗಳಿಗೆ ಗ್ರಾನೈಟಿನ ಮುಖ, ಗಂಭೀರ ಗೋಡೆ, ತಲೆಯ ಮೇಲೆ ಮಾತ್ರ ಫ್ರೆಂಚ್ ಮಾದರಿಯ ಮರದ ಇಳಿಜಾರು ಚಾವಣಿ. 1872ರ ನವೆಂಬರ್ 9ರ ಸಂಜೆ ಸಮ್ಮರ್ ಬೀದಿಯ ಗೋದಾಮೊಂದರ ನೆಲಮಾಳಿಗೆಯಲ್ಲಿ ಬೆಂಕಿ ಹುಟ್ಟಿತು. ಆ ಶರತ್ಕಾಲದಲ್ಲಿ ಕುದುರೆಗಳಿಗೆಲ್ಲ ಜ್ವರ, ಅಮೆರಿಕದುದ್ದಕ್ಕೂ ಹಬ್ಬಿದ ಕುದುರೆ ಶೀತಜ್ವರ. ಬೆಂಕಿ ಆರಿಸುವ ಗಾಡಿಗಳನ್ನು ಎಳೆಯಲು ಕುದುರೆಗಳಿಲ್ಲದೆ ಜನರೇ ಹಗ್ಗ ಹಿಡಿದು ಎಳೆದರು. ಬೆಂಕಿ ಚಾವಣಿಯಿಂದ ಚಾವಣಿಗೆ ಜಿಗಿಯಿತು, ಕಾದ ಗ್ರಾನೈಟು ಚಕ್ಕೆ ಎದ್ದು ಬೀದಿಗೆ ಸಿಡಿಯಿತು, ಗೋಡೆಗಳು ಉರುಳಿದವು. ಮರುದಿನ ಆರುವಷ್ಟರಲ್ಲಿ 65 ಎಕರೆ ನಡುಪೇಟೆ, 776 ಕಟ್ಟಡ ಹೋಗಿದ್ದವು. ಅದಕ್ಕೂ ಇನ್ನೂರು ವರ್ಷ ಹಿಂದೆ, 1666ರ ಲಂಡನ್ ಬೆಂಕಿಯಲ್ಲಿ ಸೇಂಟ್ ಪಾಲ್ ಚರ್ಚಿನ ಕಲ್ಲುಗಳು ಸಿಡಿಗುಂಡುಗಳಂತೆ ಹಾರಿದ್ದನ್ನು ಜಾನ್ ಈವ್ಲಿನ್ ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದ. ಬಾಸ್ಟನ್ನಿನ ಗುತ್ತಿಗೆದಾರರು ಅದನ್ನು ಓದಿರಲಿಲ್ಲವೋ, ಓದಿ ಅದು ಬೇರೆ ಜಾತಿಯ ಕಲ್ಲು ಅಂದುಕೊಂಡರೋ.

ನಮ್ಮಲ್ಲೂ ಮೈಸೂರಿನ ಮರದ ಅರಮನೆ 1897ರಲ್ಲಿ, ರಾಜಕುಮಾರಿ ಜಯಲಕ್ಷಮ್ಮಣ್ಣಿಯವರ ಮದುವೆಯ ಹೊತ್ತಿನಲ್ಲಿ ಸುಟ್ಟುಹೋಯಿತು. ಹೆನ್ರಿ ಇರ್ವಿನ್ ಹೊಸದನ್ನು ಕಟ್ಟಿ 1912ರಲ್ಲಿ ಮುಗಿಸಿದಾಗ ಕಲ್ಲಿನ ಜೊತೆಗೆ ಗ್ಲಾಸ್ಗೋವಿನಿಂದ ಬಂದ ಎರಕದ ಕಬ್ಬಿಣದ ಕಂಬಗಳೂ ಇದ್ದವು. ಅದರ ಕಥೆ ಇನ್ನೊಂದು ಅಧ್ಯಾಯಕ್ಕೆ ಇರಲಿ.

ಹಂಪೆಗೆ ಮರಳೋಣ. ಅಲ್ಲಿ ಒಡೆದ ಕಲ್ಲೆಲ್ಲ 1565ರದ್ದೇ? ಬಿಸಿಲು, ಮಳೆ, ಆಲದ ಬೇರು, ನಿಧಿ ಅಗೆಯುವವರ ಹಾರೆ, ಮಂಟಪದಲ್ಲಿ ರಾತ್ರಿ ತಂಗಿದ ಕುರಿಗಾಹಿಗಳ ಒಲೆ, ನಾಲ್ಕೂವರೆ ಶತಮಾನದಲ್ಲಿ ಎಲ್ಲರೂ ಕೈಹಾಕಿದ್ದಾರೆ. ನಮ್ಮ ತೋಪಿನ ಹಿರಿಯರ ವ್ಯಾಕರಣವನ್ನು ಇಲ್ಲಿ ತೆಗೆಯಬೇಕು. ಹಂಪೆಯ ದೊಡ್ಡ ಗುಂಡುಗಳೂ ಪದರ ಬಿಡುತ್ತವೆ, ಈರುಳ್ಳಿ ಸಿಪ್ಪೆಯ ಹಾಗೆ. ಆದರೆ ಅದು ಮಳೆ ತಿಂದದ್ದು. ಹರಳುಗಳು ಮಂಕಾಗಿ ಉಗುರಿಗೆ ಉದುರುತ್ತವೆ, ಮೇಲೆ ಪಾಚಿ, ಕಲ್ಲುಹೂವು ಬೆಳೆದಿರುತ್ತದೆ, ಗುಂಡಿನ ಸುತ್ತಲೂ ಒಂದೇ ಸಮ ಇರುತ್ತದೆ. ಬೆಂಕಿಯ ಚಕ್ಕೆ ಬಿಟ್ಟ ಗುರುತು ತಗ್ಗಾದ ತಟ್ಟೆಯ ಹಾಗೆ. ಕಂಬದ ಚೂಪು ಮೂಲೆಗಳು ಮೊದಲು ಹೋಗಿರುತ್ತವೆ, ಏಕೆಂದರೆ ಮೂಲೆಗೆ ಎರಡು ಕಡೆಯಿಂದ ಝಳ. ಒಳಮೈ ಸಿಡಿದಿದ್ದು ಹೊರಮೈಯ ಕೆತ್ತನೆ ಹೊಸದರಂತಿದ್ದರೆ ಬೆಂಕಿ ಒಳಗಿತ್ತು. ಬಣ್ಣವೂ ಸುಳಿವು ಕೊಡುತ್ತದೆ. ಮುನ್ನೂರು ಡಿಗ್ರಿಯ ಆಸುಪಾಸಿನಿಂದ ಕಲ್ಲಿನೊಳಗಿನ ಕಬ್ಬಿಣದ ಅಂಶ ಆಮ್ಲಜನಕ ಹೀರಿ ಕೆಂಪಗಾಗತೊಡಗುತ್ತದೆ, ಬೂದು ಗ್ರಾನೈಟಿಗೆ ತೆಳುವಾಗಿ ಇಟ್ಟಿಗೆಯ ಛಾಯೆ ಬರುತ್ತದೆ. ಗಾರೆಯ ಗಿಲಾವಿನಲ್ಲಿ ಸುಣ್ಣ ಸುಟ್ಟು ಪುಡಿಯಾಗಿದ್ದರೆ ಅಲ್ಲಿ ಎಂಟುನೂರು ಡಿಗ್ರಿಯ ಹತ್ತಿರ ಮುಟ್ಟಿತ್ತು ಎಂದು ಲೆಕ್ಕ. ಹೀಗೆ ಒಂದು ಮಂಟಪದಲ್ಲಿ ಕಂಬದಿಂದ ಕಂಬಕ್ಕೆ ಹೋಗುತ್ತ ಬೆಂಕಿಯ ರಾಶಿ ಎಲ್ಲಿತ್ತು, ಜ್ವಾಲೆ ಯಾವ ಕಡೆ ವಾಲಿತ್ತು ಅನ್ನುವವರೆಗೆ ನಕ್ಷೆ ಬರೆಯಬಹುದು.

ಯಾವಾಗ ಸುಟ್ಟಿತು ಅನ್ನುವುದು ಇನ್ನೂ ಕಷ್ಟ. ಇದ್ದಿಲಿನಲ್ಲಿರುವ ಇಂಗಾಲ 14 ಎಣಿಸಿದರೆ ಮರದ ಆ ಉಂಗುರ ಬೆಳೆದ ಕಾಲ ತಿಳಿಯುತ್ತದೆ, ಸುಟ್ಟ ಕಾಲ ತಿಳಿಯುವುದಿಲ್ಲ. ಅಜ್ಜನ ಕಾಲದ ತೇಗವನ್ನು ಮೊಮ್ಮಗ ಕಡಿದು ತೊಲೆ ಮಾಡಿ, ಅದು ನೂರು ವರ್ಷ ಬಾಳಿ ಸುಟ್ಟರೆ ಇದ್ದಿಲು ಹೇಳುವುದು ಅಜ್ಜನ ಕಾಲವನ್ನು. ಸಾಲದ್ದಕ್ಕೆ ಹದಿನಾರನೆಯ ಶತಮಾನದಲ್ಲಿ ಈ ಗಡಿಯಾರದ ಮುಳ್ಳೇ ನಿಂತಂತಿದೆ. ವಾತಾವರಣದ ಇಂಗಾಲ 14ರ ಏರಿಳಿತದಿಂದಾಗಿ 1480ರ ಮರವೂ 1600ರ ಮರವೂ ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತವೆ.

ಬೆಣಚಿನ ಹರಳಿನೊಳಗೆ ಇನ್ನೊಂದು ಗಡಿಯಾರವಿದೆ. ಅದನ್ನು ದೇವಸ್ಥಾನದ ಹುಂಡಿ ಅನ್ನಿ. ಸುತ್ತಲಿನ ಮಣ್ಣು ಕಲ್ಲುಗಳ ವಿಕಿರಣ ವರ್ಷವರ್ಷವೂ ಅದರೊಳಗೆ ಒಂದಿಷ್ಟು ಎಲೆಕ್ಟ್ರಾನುಗಳನ್ನು ಕಾಣಿಕೆ ಹಾಕುತ್ತದೆ, ಅವು ಹರಳಿನ ದೋಷಗಳಲ್ಲಿ ಸಿಕ್ಕಿ ಕೂರುತ್ತವೆ. ಐನೂರು ಡಿಗ್ರಿಯ ಬೆಂಕಿ ತಗುಲಿದರೆ ಹುಂಡಿ ಪೂರ್ತಿ ಖಾಲಿ. ಮರುದಿನದಿಂದ ಮತ್ತೆ ಕಾಣಿಕೆ ಶುರು. ಇಂದು ಪ್ರಯೋಗಾಲಯದಲ್ಲಿ ಆ ಚಕ್ಕೆಯನ್ನು ಕತ್ತಲಲ್ಲಿ ಪುಡಿ ಮಾಡಿ ಕಾಯಿಸಿದರೆ ಸೇರಿದ್ದೆಲ್ಲ ಮಂದ ಬೆಳಕಾಗಿ ಹೊರಬರುತ್ತದೆ. ಬೆಳಕನ್ನು ಎಣಿಸಿದರೆ ಕೊನೆಯ ಬೆಂಕಿ ಎಷ್ಟು ವರ್ಷ ಹಿಂದಿನದು ಎಂದು ಸಿಗುತ್ತದೆ. ಚೆಂದದ ವಿದ್ಯೆ. ಆದರೆ ನೂರಕ್ಕೆ ಐದರಿಂದ ಹತ್ತು ಆಚೀಚೆ ಆಗುವುದು ಸಾಮಾನ್ಯ. 460 ವರ್ಷದಲ್ಲಿ ಹತ್ತರಷ್ಟು ಎಂದರೆ 46 ವರ್ಷ. 1565ರ ಸೈನಿಕನ ಬೆಂಕಿಯನ್ನೂ 1600ರ ಕುರಿಗಾಹಿಯ ಬೆಂಕಿಯನ್ನೂ ಅದು ಬೇರೆ ಮಾಡಿ ತೋರಿಸಲಾರದು. ಹುಂಡಿಗೆ ತಾರೀಖು ತಿಳಿಯದು.

ಬೆಂಕಿಯ ಗುರುತನ್ನು ಕಥೆಗೆ ಹೊಂದಿಸುವ ಆಸೆ ಹಂಪೆಯಲ್ಲಿ ಹಳೆಯದು. ವಿಠ್ಠಲ ದೇವಾಲಯದಿಂದ ಪೂರ್ವಕ್ಕೆ ನಿಂಬಾಪುರದ ಹತ್ತಿರ ಒಂದು ಬೂದಿಗುಡ್ಡೆ ಇದೆ. ರಾಮನ ಬಾಣಕ್ಕೆ ಸತ್ತ ವಾಲಿಯನ್ನು ಸುಟ್ಟ ಬೂದಿ ಅದು ಎಂದು ಜನ ತೋರಿಸುತ್ತಾರೆ. ಬಳ್ಳಾರಿ ಸೀಮೆಯಲ್ಲಿ ಇಂಥ ಬೂದಿಗುಡ್ಡೆಗಳು ಕುಡತಿನಿ, ಕಪ್ಪಗಲ್ಲು ಮುಂತಾದ ಕಡೆ ಹಲವಿವೆ. ನವಶಿಲಾಯುಗದ ದನಗಾಹಿಗಳು ದೊಡ್ಡಿಯಲ್ಲಿ ಸೇರಿದ ಸಗಣಿಯ ರಾಶಿಯನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಆದವು ಇವು ಎಂದು ರೇಮಂಡ್ ಆಲ್ಚಿನ್ 1963ರ ಪುಸ್ತಕದಲ್ಲಿ ತೋರಿಸಿಕೊಟ್ಟರು. ಕೆಲವು ಕಡೆ ಬೂದಿ ಕರಗಿ ಗಾಜಿನಂತೆ ಹೆಪ್ಪುಗಟ್ಟಿದೆ, ಅಷ್ಟು ಉರಿ. ಅಂದರೆ ವಿಜಯನಗರ ಹುಟ್ಟುವುದಕ್ಕೆ ಮೂರು ಸಾವಿರ ವರ್ಷಕ್ಕೂ ಮುಂಚೆ ಅದೇ ನೆಲದ ಮೇಲೆ ಯಾರೋ ದೊಡ್ಡ ಬೆಂಕಿ ಹಾಕುತ್ತಿದ್ದರು, ಮತ್ತೆ ಅದೇ ನೆಲದಲ್ಲಿ ಬದುಕುತ್ತಿದ್ದರು.

ಫೆದೆರಿಚಿ ಕಂಡ ನಿಂತ ಮನೆಗಳೂ ಸೀವೆಲ್ ಬರೆದ ಬೆಂಕಿಯೂ ಎರಡೂ ನಿಜವಿರಬೇಕು ಎಂದು ನನ್ನ ಲೆಕ್ಕಾಚಾರ. ಅರಮನೆಯ ನಡುಭಾಗ, ಆರಿಸಿದ ಕೆಲವು ಗುಡಿಗಳು ಉರಿದವು. ಮಿಕ್ಕ ಊರು ಉರಿಯಲಿಲ್ಲ, ಖಾಲಿಯಾಯಿತು. ಆಮೇಲೆ ಗೆದ್ದಲು, ಮಳೆ, ಮರ ಕಿತ್ತೊಯ್ಯುವವರು ನಿಧಾನವಾಗಿ ಉಳಿದ ಕೆಲಸ ಮುಗಿಸಿದರು. ಗೆದ್ದಲು ತಿಂದ ಅರಮನೆ ಗುರುತು ಬಿಡದೆ ಹೋಗುತ್ತದೆ. ಸುಟ್ಟ ಅರಮನೆ ಇದ್ದಿಲಾಗಿ ಮಣ್ಣಿನಲ್ಲಿ ಉಳಿಯುತ್ತದೆ, ಇದ್ದಿಲನ್ನು ಗೆದ್ದಲು ಮೂಸುವುದಿಲ್ಲ. ಬೆಂಕಿಯ ಲೆಕ್ಕವೇ ನಮಗೆ ದೊಡ್ಡದಾಗಿ ಕಾಣುವುದಕ್ಕೆ ಇದೂ ಒಂದು ಕಾರಣ.

ಮೆದೆ ಸುಟ್ಟ ಮೇಲೆ ಪಕ್ಕದ ಮನೆಯವರು ಬೇಲಿ ಬದಲಿಸಲು ಹೊರಟಾಗ ಆ ಹಿರಿಯರನ್ನೇ ಕರೆದುಕೊಂಡು ಬಂದರು. ಅವರು ಒಂದು ಸಣ್ಣ ಸುತ್ತಿಗೆ ಹಿಡಿದು ಸಾಲಿನುದ್ದಕ್ಕೂ ಒಂದೊಂದು ಚಪ್ಪಡಿಗೆ ತಟ್ಟುತ್ತ ನಡೆದರು. ಟಣ್. ಟಣ್. ಟಣ್. ಮೆದೆಯ ಬದಿಗೆ ಬಂದಾಗ ಒಂದು ಚಪ್ಪಡಿ ಬದ್ ಎಂದಿತು. ಅದರ ಮೈಯಲ್ಲಿ ಚಕ್ಕೆ ಎದ್ದಿರಲಿಲ್ಲ, ಮಸಿಯೂ ಅಷ್ಟಾಗಿ ಇರಲಿಲ್ಲ, ನನ್ನ ಕಣ್ಣಿಗೆ ಅದು ಎಲ್ಲಕ್ಕಿಂತ ಚೆನ್ನಾಗಿಯೇ ಇತ್ತು. ಅವರು ಇನ್ನೊಂದು ಸಲ ತಟ್ಟಿ, ಕಿವಿ ಹತ್ತಿರ ತಂದು, ಸೀಮೆಸುಣ್ಣದಿಂದ ಒಂದು ಗೀರು ಹಾಕಿದರು.

"ಇದ್ನ ಮೊದ್ಲು ತೆಗೀರಿ. ಮಕ್ಳು ಒರಗ್ತವೆ."